ಕ್ಯಾಮೆರಾ ನೋಡಿತು, ತಡೆಯೋರು ಇರಲಿಲ್ಲ

"ಅಂಗಡಿಗೆ ಸಿಸಿಟಿವಿ ಸಾಕಾ, ಗಾರ್ಡ್ ಬೇಕಾ?" ಅಂತ ಯಾರಾದ್ರೂ ಕೇಳಿದ್ರೆ ನನಗೆ ನೆನಪಾಗೋದು 2013ರ ನವೆಂಬರ್ 19ರ ಬೆಳಿಗ್ಗೆ.

ಬೆಂಗಳೂರಿನ ಕಾರ್ಪೊರೇಷನ್ ಸರ್ಕಲ್. ದುಡ್ಡು ತೆಗೆಯೋಕೆ ಎಟಿಎಂಗೆ ಹೋದ ಮಹಿಳೆಯ ಹಿಂದೆಯೇ ಒಬ್ಬ ನುಗ್ಗಿದ, ಒಳಗಿನಿಂದ ಶಟರ್ ಎಳೆದ, ಮಚ್ಚಿನಿಂದ ಹೊಡೆದ. ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತು. ಬಾಗಿಲಲ್ಲಿ ಗಾರ್ಡ್ ಮಾತ್ರ ಇರಲಿಲ್ಲ. ರಕ್ತದ ಮಡುವಿನಲ್ಲಿದ್ದ ಅವರು ಹೊರಗಿನವರ ಕಣ್ಣಿಗೆ ಬೀಳುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು.

ಪುಣ್ಯಕ್ಕೆ ಜೀವ ಉಳಿಯಿತು. ಗಾರ್ಡ್ ಇಡಿ, ಇಲ್ಲದಿದ್ದರೆ ಮುಚ್ಚಿ ಎಂದು ಪೊಲೀಸರು ಬ್ಯಾಂಕುಗಳಿಗೆ ಹೇಳಿದರು. ನಗರದ ನೂರಾರು ಎಟಿಎಂಗಳಿಗೆ ಬೀಗ ಬಿತ್ತು. ಆ ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ನೋಡಿದರೂ, ಹಲ್ಲೆಕೋರ ಸಿಕ್ಕಿದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. 2021ರಲ್ಲಿ 10 ವರ್ಷ ಜೈಲು ಶಿಕ್ಷೆಯಾಯಿತು.

ಹಾಗಂತ ಕ್ಯಾಮೆರಾ ದಂಡ ಅಂತಲ್ಲ. ಹೆಚ್ಚು ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಕಡ್ಡಾಯ ಮಾಡುವ ಕಾಯ್ದೆಯನ್ನು 2017ರಲ್ಲಿ ಕರ್ನಾಟಕವೇ ತಂದಿತು. ಕ್ಯಾಮೆರಾ ಆಮೇಲೆ ಸಾಕ್ಷಿ ಹೇಳುತ್ತೆ. ಆ ಕ್ಷಣಕ್ಕೆ ಅಡ್ಡ ಬರೋಕೆ ಮನುಷ್ಯನೇ ಬೇಕು.

ಅದಕ್ಕೇ ನಾನು ಹೇಳೋದಿಷ್ಟು: ಗೋಡೌನಿನ ಸರಕು ಲೆಕ್ಕ ತಪ್ಪುವ ಭಯ ಇದ್ರೆ ಕ್ಯಾಮೆರಾ ಹಾಕಿ. ರಾತ್ರಿ ಕೌಂಟರ್‌ನಲ್ಲಿ ಒಬ್ಬರೇ ಕೂರ್ತಾರೆ ಅಂದ್ರೆ, ಮೊದಲು ಬಾಗಿಲಿಗೊಬ್ಬ ಗಾರ್ಡ್ ಇಡಿ.