ಒಂದು ಹಡಗು, ನೂರು ವರ್ಷಗಳ ಇಲಿಕಾಟ

ಇತಿಹಾಸದ ತರಗತಿಯಲ್ಲಿ ನಾನು ನಿಮಗೆ ಹಡಗುಗಳ ಕಥೆಯನ್ನು ಬಹಳವಾಗಿ ಹೇಳಿದ್ದೇನೆ. ಆ ಹಡಗುಗಳ ಅಡಿಯಲ್ಲಿ ಟಿಕೆಟಿಲ್ಲದೆ ಪಯಣಿಸಿದ ಇಲಿಗಳ ಮಾತನ್ನು ಮಾತ್ರ ನಮ್ಮ ಪಠ್ಯಪುಸ್ತಕಗಳು ಎತ್ತುತ್ತಿರಲಿಲ್ಲ. ಅಂಥದೊಂದು ಪ್ರಸಂಗ ಇಲ್ಲಿದೆ.

ಆಸ್ಟ್ರೇಲಿಯದ ಪೂರ್ವ ಕರಾವಳಿಯಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ ಲಾರ್ಡ್ ಹೋವ್ ಎಂಬ ಪುಟ್ಟ ದ್ವೀಪವಿದೆ. 1918ರ ಜೂನ್‌ನಲ್ಲಿ ‘ಮಕಾಂಬೊ’ ಎಂಬ ಉಗಿಹಡಗು ಬಂಡೆಗೆ ಬಡಿದು ಅಲ್ಲಿಯ ದಡ ಸೇರಿತು. ದುರಸ್ತಿ ನಡೆದ ಕೆಲವೇ ದಿನಗಳಲ್ಲಿ ಕಪ್ಪು ಇಲಿಗಳು ನೆಲಕ್ಕಿಳಿದವು. ಹಡಗು ಹೊರಟುಹೋಯಿತು, ಇಲಿಗಳು ಉಳಿದವು. ಇರುಳಲ್ಲಿ ಮರವೇರಿ ಗೂಡು ದೋಚುವ ಈ ಪ್ರಾಣಿಯಿಂದಾಗಿ, ಆ ದ್ವೀಪಕ್ಕೇ ಮೀಸಲಾಗಿದ್ದ ಐದು ಬಗೆಯ ಹಕ್ಕಿಗಳು ಸ್ವಲ್ಪ ಕಾಲದಲ್ಲೇ ನಿರ್ನಾಮವಾದವು. ದ್ವೀಪವಾಸಿಗಳ ಜೀವನಾಧಾರವಾಗಿದ್ದ ಕೆಂಟಿಯಾ ತಾಳೆಯ ಬೀಜಗಳಿಗೂ ಹಲ್ಲು ತಾಗಿತು.

ಇಲಿಯ ಬಾಲಕ್ಕೆ ಬಹುಮಾನ ಘೋಷಿಸಿದರು. ಸಾಲದೆ 1920ರ ದಶಕದಲ್ಲಿ ಹೊರಗಿನಿಂದ ಗೂಬೆಗಳನ್ನು ತರಿಸಿ ಬಿಟ್ಟರು. ಗೂಬೆಗಳು ಇಲಿಯೊಡನೆ ಅಲ್ಲಿಯ ಹಕ್ಕಿಗಳನ್ನೂ ತಿಂದವು. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟರೆಂಬ ನಮ್ಮ ಗಾದೆ ನನಗೆ ನೆನಪಾಗುತ್ತದೆ.

ಅಂಗೈಯುದ್ದದ, ರೆಕ್ಕೆಯಿಲ್ಲದ ಒಂದು ಕಡ್ಡಿಕೀಟವೂ 1920ರ ಹೊತ್ತಿಗೆ ಕಾಣದಾಯಿತು. 2001ರಲ್ಲಿ, ಸುಮಾರು 23 ಕಿಲೋಮೀಟರ್ ಆಚೆ ಕಡಲಿನಿಂದೆದ್ದ ಬಾಲ್ಸ್ ಪಿರಮಿಡ್ ಎಂಬ ಕಡಿದಾದ ಬಂಡೆಯ ಮೇಲೆ, ಒಂದೇ ಪೊದೆಯ ಆಶ್ರಯದಲ್ಲಿ 24 ಕೀಟಗಳು ದೊರೆತವು! ಎರಡು ಜೋಡಿಗಳನ್ನು ತಂದು ವಂಶ ಬೆಳೆಸಿದರು. ಆದರೆ ಇಲಿಯಿರುವ ತವರಿಗೆ ಅವನ್ನು ಹಿಂದಿರುಗಿಸುವುದು ಹೇಗೆ?

ದ್ವೀಪದಾದ್ಯಂತ ವಿಷಾಹಾರ ಹರಡುವುದೊಂದೇ ದಾರಿಯೆಂದು ತಜ್ಞರು ಹೇಳಿದರು. 2015ರ ಜನಾಭಿಪ್ರಾಯದಲ್ಲಿ ಒಪ್ಪಿದವರು ಅರ್ಧಕ್ಕಿಂತ ತುಸುವೇ ಹೆಚ್ಚು. ಮಕ್ಕಳು ಆಡುವ ಅಂಗಳದಲ್ಲಿ ವಿಷವೆಂದರೆ ಯಾರಿಗೆ ಅಳುಕಾಗದು? ವಿರೋಧಿಸಿದವರನ್ನು ಮೂಢರೆನ್ನಲು ನನಗೆ ಮನಸ್ಸಿಲ್ಲ. ಕೊನೆಗೆ 2019ರಲ್ಲಿ ಕಾರ್ಯ ನಡೆಯಿತು. ಬೆಟ್ಟಗಳಿಗೆ ಹೆಲಿಕಾಪ್ಟರ್, ಊರೊಳಗೆ ಬೀಗ ಹಾಕಿದ ಪೆಟ್ಟಿಗೆ. ಹುಂಡುಕೋಳಿಯ ಬಳಗದ, ಹಾರಲಾರದ ಅಪರೂಪದ ಹಕ್ಕಿಗಳನ್ನು ಅಷ್ಟು ದಿನ ಪಂಜರದಲ್ಲಿಟ್ಟು ಕಾಪಾಡಿದರು. ಕೆಲವು ನೂರಷ್ಟಿದ್ದ ಅವು 2023ರ ಗಣತಿಯಲ್ಲಿ ಸಾವಿರ ದಾಟಿದವು. ನಡುವೆ 2021ರಲ್ಲಿ ಎರಡು ಇಲಿಗಳು ಮತ್ತೆ ಕಂಡು ಎಲ್ಲರ ಎದೆ ನಡುಗಿಸಿದ್ದವು. ದ್ವೀಪಕ್ಕೆ ಬರುವ ಸರಕನ್ನು ಈಗ ತರಬೇತಿ ಪಡೆದ ನಾಯಿಗಳು ಮೂಸಿ ನೋಡುತ್ತವೆ.