ಬಿತ್ತುವ ಮುನ್ನ ಒಂದು ನುಡಿ: ಮೈಲಾರದ ಕಾರಣಿಕದ ಚರಿತ್ರೆ

ಹೂವಿನಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಮೈಲಾರದಲ್ಲಿ ಭರತ ಹುಣ್ಣಿಮೆಯ ಬೆನ್ನಿಗೆ ಕಾರಣಿಕ ನಡೆಯುತ್ತದೆ. ಇಲ್ಲಿಯ ದೇವರು ಮೈಲಾರನ ಸೇವೆಗೆ ನಿಂತ, ಉಪವಾಸ ವ್ರತದಲ್ಲಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಸೇರಿದ ಜನವೆಲ್ಲ ಉಸಿರು ಬಿಗಿಹಿಡಿಯುತ್ತದೆ. ಗೊರವಯ್ಯ ಆಡುವುದು ಒಂದೇ ಮಾತು. ಪತ್ರಿಕೆಗಳು ಇದನ್ನು ಭವಿಷ್ಯವಾಣಿ ಎನ್ನುತ್ತವೆ. ಆ ಹೆಸರಿನಿಂದ ಈ ಆಚರಣೆಯ ಮುಖ್ಯ ಗುಣವೇ ಮರೆಯಾಗುತ್ತದೆ ಎಂಬುದು ನನ್ನ ವಾದ.

ಮೊದಲು ಪದವನ್ನೇ ನೋಡೋಣ. ಹಳೆಯ ಕನ್ನಡದಲ್ಲಿ ‘ಕಾರಣಿಕ’ ಎಂದರೆ ಒಂದು ದೈವಕಾರಣಕ್ಕಾಗಿ ಭೂಮಿಗೆ ಬಂದವನು. ಶರಣರನ್ನು ‘ಕಾರಣಿಕ ಪುರುಷ’ರೆಂದು ಕರೆದದ್ದು ಈ ಅರ್ಥದಲ್ಲೇ. ತುಳುವರು ಇಂದಿಗೂ ದೈವದ ಮಹಿಮೆಯನ್ನು ‘ಕಾರ್ಣಿಕ’ ಎನ್ನುತ್ತಾರೆ. ಮುಂದಾಗುವುದನ್ನು ಮೊದಲೇ ಹೇಳುವ ಅರ್ಥ ಪದದ ಬೇರಿನಲ್ಲಿಲ್ಲ. ದೇವರು ನಮ್ಮ ನಡುವೆ ಇದ್ದಾನೆ ಎಂಬ ಅರ್ಥವಿದೆ. ‘ಗೊರವ’ ಎಂಬ ಪದವೂ ಹಳೆಯದು. ಶಾಸನಗಳಲ್ಲಿ ಅದು ಶೈವ ತಪಸ್ವಿಗಳನ್ನು ಸೂಚಿಸುತ್ತದೆ. ಮಠದ ಆ ಹೆಸರು ಕಂಬಳಿ, ಡಮರುಗ, ದೋಣಿ, ಭಂಡಾರದ ಮೈಲಾರನ ಒಕ್ಕಲಿಗೆ ಇಳಿದು ಬಂತು.

ಮೈಲಾರನ ಆರಾಧನೆ 12ನೆಯ ಶತಮಾನಕ್ಕೆ ಮುಂಚಿನಿಂದಲೂ ಇತ್ತೆನ್ನಲು ವಿರೋಧಿಗಳೇ ಸಾಕ್ಷಿ. ಜೈನಕವಿ ಬ್ರಹ್ಮಶಿವ, ಯುದ್ಧದಲ್ಲಿ ಶೌರ್ಯ ಮೆರೆದು ಮಡಿದ ಜೈನನೊಬ್ಬನಿಗೇ ಜನ ಮೈಲಾರನೆಂದು ಹೆಸರಿಟ್ಟರು ಎನ್ನುತ್ತಾನೆ. ಅವನ ಮಾತಿನ ನಿಜ ಏನೇ ಇರಲಿ, ಖಂಡಿಸಬೇಕಾದಷ್ಟು ಈ ದೇವರು ಬೆಳೆದಿದ್ದನೆಂಬುದು ಸ್ಪಷ್ಟ. ಅದೇ ದೇವರು ಮಹಾರಾಷ್ಟ್ರದ ಖಂಡೋಬನೂ ಹೌದು. ಜರ್ಮನ್ ವಿದ್ವಾಂಸ ಸೊಂಥೈಮರ್ ಈ ಪಶುಪಾಲಕ ದೇವರುಗಳ ಹಾದಿಯನ್ನು ತಮ್ಮ ಬದುಕಿನುದ್ದಕ್ಕೂ ಹುಡುಕಿದರು.

ಕಾರಣಿಕದ ಕಾಲ ಯಾರ ಗಮನಕ್ಕೂ ಸರಿಯಾಗಿ ಬಂದಂತಿಲ್ಲ. ಮೈಲಾರದ್ದು ಮಾಘದಲ್ಲಿ: ಹಿಂಗಾರಿ ಜೋಳ ಕಟಾವಿಗೆ ಬಂದಿರುತ್ತದೆ, ಮುಂದೆ ಬೇಸಿಗೆ, ಅದರಾಚೆ ಕಾಣದ ಮುಂಗಾರು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ಇದೇ ದೇವರ ಕಾರಣಿಕ ಉಂಟು. ಅದು ದಸರೆಯಲ್ಲಿ, ಮುಂಗಾರಿ ಪೈರು ಕೈಗೆ ಬರುತ್ತಿರುವಾಗ, ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ. ರೈತ ಏನೂ ಅರಿಯದೆ ನಿಲ್ಲುವ ಎರಡು ಹೊತ್ತು ಇವು. ನುಡಿ ಆಗಲೇ ಬೇಕು.

ಹಾಗಾದರೆ ಆ ನುಡಿ ಜ್ಯೋತಿಷ್ಯವೇ ಎಂದು ಕೇಳಬಹುದು. ಬಸವಣ್ಣ ಲಗ್ನ, ತಾರಾಬಲಗಳ ಲೆಕ್ಕವನ್ನು ಒಪ್ಪಲಿಲ್ಲ. ಶರಣರ ಈ ನಿಲುವಿಗೂ ಗೊರವರ ನುಡಿಗೂ ಅಜಗಜಾಂತರವೆಂದು ತೋರುವುದು ಸಹಜ. ಆದರೆ ಕಾರಣಿಕವೂ ಪಂಚಾಂಗವನ್ನು ಬಿಡಿಸಿ ಇಂಥ ದಿನ ಇಂತಿಷ್ಟು ಎನ್ನುವುದಿಲ್ಲ. ಅಳತೆ ಮಾಡಿ ನಿಶ್ಚಿಂತೆ ಕೊಡುವ ವಿದ್ಯೆಗೆ ಎರಡೂ ದೂರ. ಈ ಒಂದು ನೆಂಟಸ್ತನವನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಉಳಿದ ಭೇದಗಳನ್ನು ಮರೆಯದೆ.

ಅಳತೆಯ ವಿದ್ಯೆ ಇಲ್ಲಿಗೆ ಬೇರೊಂದು ದಾರಿಯಿಂದ ಬಂತು. 1876–78ರ ಧಾತು-ಈಶ್ವರ ಸಂವತ್ಸರಗಳ ಬರ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಸೀಮೆಯನ್ನು ಸುಟ್ಟುಹಾಕಿತು. ಮೈಲಾರ ಆ ಸೀಮೆಯಲ್ಲೇ ಇತ್ತು. 1875ರಲ್ಲಿ ಹುಟ್ಟಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್‌ರನ್ನು ಮುಂಗಾರನ್ನು ಮೊದಲೇ ಹೇಳಿರೆಂದು ಸರಕಾರ ಕೇಳಿದ್ದು ಈ ಬರದ ತರುವಾಯ. ಹಿಮಾಲಯದ ಹಿಮವನ್ನು ಆಧರಿಸಿ 1886ರಲ್ಲಿ ಅವರು ಮೊದಲ ಅಧಿಕೃತ ಮುನ್ಸೂಚನೆ ಕೊಟ್ಟರು. ಅಂದಿನಿಂದ ಮುನ್ಸೂಚನೆ, ಕಾರಣಿಕ ಎರಡೂ ಜೊತೆಗೇ ನಡೆದಿವೆ. ಮುನ್ಸೂಚನೆ ಸುಳ್ಳಾದರೆ ಲೆಕ್ಕ ತಿದ್ದಬೇಕು. ಕಾರಣಿಕ ಮಾತ್ರ ಕೇಳಿದವರ ಬಾಯಲ್ಲಿ ಬೆಳೆಯುತ್ತದೆ: ಸಂತೆಯಲ್ಲಿ, ಬಂಡಿಯಲ್ಲಿ, ಮನೆಯ ಕಟ್ಟೆಯ ಮೇಲೆ ಒಬ್ಬರು ಮಳೆ ಎಂದರೆ ಇನ್ನೊಬ್ಬರು ಧಾರಣೆ ಎನ್ನುತ್ತಾರೆ, ಮತ್ತೊಬ್ಬರು ರಾಜ್ಯದ ಗತಿ ಎನ್ನುತ್ತಾರೆ. ಹೀಗೆ ಒಡೆದು ಕೂಡಿಸುವ ಮಾತುಕತೆಯಲ್ಲೇ ಊರು ಬಿತ್ತುವ ಧೈರ್ಯ ತಂದುಕೊಳ್ಳುತ್ತದೆ. ಈಚೆಗೆ ಅದನ್ನು ಬರೀ ಕುರ್ಚಿಯ ಪ್ರಶ್ನೆಗೆ ಇಳಿಸುತ್ತಿರುವುದು ನನಗೆ ನೋವಿನ ಸಂಗತಿ. ನುಡಿ ಮೊದಲು ಹೊಲದ್ದು.

ಬಿಲ್ಲಿನ ಮೇಲಿನ ಕೊನೆಯ ಗಳಿಗೆಯನ್ನು ವಿವರಣೆಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ‘ಪರಾಕ್’ ಎಂದೊಡನೆ ಗೊರವಯ್ಯ ಮೇಲಿನಿಂದ ಕೈಬಿಡುತ್ತಾರೆ. ಕೆಳಗೆ ನೋಡುವುದಿಲ್ಲ. ಕೆಳಗಿನ ಗೊರವರು ಕಂಬಳಿ ಹಿಡಿದು ನಿಂತಿರುತ್ತಾರೆ.