ಕರ್ನಾಟಕದ ಹವ್ಯಾಸಿ ಛಾಯಾಗ್ರಹಣ: ಕಲಿಕೆಯ ಒಂದು ಮೌಖಿಕ ಪರಂಪರೆ

ಕರ್ನಾಟಕದ ಕಲಾಚರಿತ್ರೆಯಲ್ಲಿ ‘ಹವ್ಯಾಸಿ’ ಎಂಬ ಪದಕ್ಕೆ ಗೌರವದ ಸ್ಥಾನವಿದೆ. ಬೆಂಗಳೂರಿನಲ್ಲಿ 1909ರಲ್ಲಿ ಆರಂಭವಾದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್‌ನಿಂದ ಮೊದಲ್ಗೊಂಡು ಹವ್ಯಾಸಿ ರಂಗಭೂಮಿಯ ಬೆಳವಣಿಗೆ ವಿವರವಾಗಿ ದಾಖಲಾಗಿದೆ. ಕರಾವಳಿಯಲ್ಲಿ ವೃತ್ತಿಮೇಳಗಳ ಜೊತೆಜೊತೆಗೇ ಹವ್ಯಾಸಿ ಯಕ್ಷಗಾನ ಸಂಘಗಳು ಬೆಳೆದುಬಂದ ಬಗೆಯನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಬಹುಮಟ್ಟಿಗೆ ಇದೇ ಬಗೆಯ ವಿದ್ಯಾವಂತ ವರ್ಗದ ಕೈಯಲ್ಲಿ ಬೆಳೆದ ಹವ್ಯಾಸಿ ಛಾಯಾಗ್ರಹಣಕ್ಕೆ ಮಾತ್ರ ಅಷ್ಟು ಗಮನ ದೊರೆತಿಲ್ಲ. ಚಿತ್ರಗಳು ಉಳಿದಿವೆ, ಅವುಗಳನ್ನು ತೆಗೆಯುವ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟಿದ ಬಗೆ ಬರಹಕ್ಕೆ ಇಳಿದಿರುವುದು ಕಡಿಮೆ. ಶಾಲೆಯ ಪಾಠವಾಗಿ ಅಲ್ಲದೆ ಕೂಟದ ಮಾತಾಗಿ, ಕೈಕಸುಬಿನ ಅನುಕರಣೆಯಾಗಿ ಸಾಗಿಬಂದ ಈ ವಿದ್ಯೆಯನ್ನು ಮೌಖಿಕ ಪರಂಪರೆಯೆಂದು ಪರಿಗಣಿಸಿ, ಅದು ಉಳಿಸಿದ್ದೇನು, ಕಳೆದದ್ದೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲ ಹೆಜ್ಜೆಗಳು

ಛಾಯಾಗ್ರಹಣದ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಮುಂದಿನ ಎರಡು ದಶಕಗಳೊಳಗೆ ಮುಂಬಯಿಯಲ್ಲಿ 1854ರಲ್ಲಿಯೂ, ಕಲ್ಕತ್ತ ಮತ್ತು ಮದರಾಸುಗಳಲ್ಲಿ 1856ರಲ್ಲಿಯೂ ಛಾಯಾಗ್ರಾಹಕರ ಸಂಘಗಳು ಹುಟ್ಟಿಕೊಂಡವು. ಕನ್ನಡ ನಾಡಿನ ಸ್ಮಾರಕಗಳ ಆರಂಭಿಕ ಚಿತ್ರಗಳನ್ನು ತೆಗೆದವರಲ್ಲಿ ಹಲವರು ಸೈನ್ಯದ ಅಧಿಕಾರಿಗಳು ಮತ್ತು ವೈದ್ಯರು. ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಡಿಸೆಂಬರಿನಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ದೇವಾಲಯಗಳನ್ನು ಚಿತ್ರಿಸಿದನು. ಆ ಹೊತ್ತಿಗೆ ಆತನಿಗೆ ಅದು ಉದ್ಯೋಗವಾಗಿರಲಿಲ್ಲ. 1855ರ ಮದರಾಸು ಪ್ರದರ್ಶನದಲ್ಲಿ 68 ಚಿತ್ರಗಳನ್ನು ಇರಿಸಿದ ನಂತರವೇ ಸರಕಾರ ಆತನ ಕೌಶಲವನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿತು. ಕರ್ನಲ್ ಬಿಗ್ಸ್, ಡಾ. ಪಿಗೌ, ಡಾ. ನೀಲ್ ಈ ಮೂವರು ತೆಗೆದ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು.

ಈ ಸಾಲಿನಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ವಿಶೇಷವಾಗಿ ಉಲ್ಲೇಖನೀಯ. 1856ರಲ್ಲಿ ಈತ ಹಂಪಿಯ ಅವಶೇಷಗಳನ್ನು ಮೇಣ ಸವರಿದ ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಇಂಗ್ಲೆಂಡಿನ ಹವೆಗೆಂದು ರೂಪುಗೊಂಡ ರಾಸಾಯನಿಕ ಕ್ರಮ ಇಲ್ಲಿನ ಬಿಸಿಲಿಗೆ ಒಗ್ಗುತ್ತಿರಲಿಲ್ಲ. ಗ್ರೀನ್‌ಲಾ ಅದನ್ನು ತಿದ್ದಿ ಹೊಂದಿಸಿಕೊಂಡ ವಿಧಾನ ಮುಂದೆ ಆತನ ಹೆಸರಿನಿಂದಲೇ ಛಾಯಾಗ್ರಹಣದ ಕೈಪಿಡಿಗಳನ್ನು ಸೇರಿತು. ಹವ್ಯಾಸಿಯೊಬ್ಬನು ತನ್ನ ಅಡಚಣೆಗೆ ತಾನೇ ಕಂಡುಕೊಂಡ ಪರಿಹಾರ ಇತರರ ಸ್ವತ್ತಾದುದಕ್ಕೆ ಇದು ಒಳ್ಳೆಯ ನಿದರ್ಶನ. 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಸ್ಥಳಗಳಲ್ಲಿಯೇ ನಿಂತು ಅದೇ ದೃಶ್ಯಗಳನ್ನು ಮತ್ತೆ ಚಿತ್ರಿಸಿದರು. ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸಿದಾಗ ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ಯಾವ ಕಂಬ ಉರುಳಿತು, ಯಾವ ಗೋಪುರ ಕುಸಿಯಿತು ಎಂಬುದು ಸ್ಪಷ್ಟವಾಗುತ್ತದೆ. ಬಿಡುವಿನ ವೇಳೆಯ ಚಿತ್ರವೊಂದು ಚರಿತ್ರೆಯ ಆಕರವಾಗುವುದು ಹೀಗೆ.

ಕೊರತೆಯಲ್ಲಿ ಬೆಳೆದ ಕೌಶಲ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಹವ್ಯಾಸ ನೌಕರರು, ಅಧ್ಯಾಪಕರು, ವೈದ್ಯರು, ತೋಟದ ಬೆಳೆಗಾರರು ಮುಂತಾದವರ ಮನೆಗಳನ್ನು ಪ್ರವೇಶಿಸಿತು. ಆಮದಿನ ಮೇಲೆ ನಿರ್ಬಂಧವಿದ್ದ ಆ ಕಾಲದಲ್ಲಿ ಒಳ್ಳೆಯ ಕ್ಯಾಮರಾ ಸುಲಭವಾಗಿ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಸರಳ ಕ್ಯಾಮರಾದಿಂದ ಅಭ್ಯಾಸ ಆರಂಭಿಸಿದವರು ಬಹಳ ಮಂದಿ. 120 ಅಳತೆಯ ಒಂದು ಸುರುಳಿಯಲ್ಲಿ ಅದು ಕೊಡುತ್ತಿದ್ದುದು 12 ಚಿತ್ರಗಳನ್ನು ಮಾತ್ರ. 1960ರಲ್ಲಿ ಸ್ಥಾಪಿತವಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಮತ್ತು ಕಾಗದ ಬಂದ ಮೇಲೆಯೂ ಮಿತವ್ಯಯ ತಪ್ಪಲಿಲ್ಲ.

ಈ ಕೊರತೆಯೇ ಒಂದು ಶಿಸ್ತನ್ನು ಕಲಿಸಿತು ಎಂಬುದು ಗಮನಾರ್ಹ. ಹನ್ನೆರಡೇ ಅವಕಾಶಗಳಿರುವಾಗ ಗುಂಡಿ ಒತ್ತುವ ಮೊದಲು ಬೆಳಕು ಎಲ್ಲಿಂದ ಬೀಳುತ್ತಿದೆ, ನೆರಳು ಎತ್ತ ಚಾಚಿದೆ, ಹಿನ್ನೆಲೆಯಲ್ಲಿ ಅನಗತ್ಯವಾದುದೇನಿದೆ ಎಂದು ನೋಡಲೇಬೇಕಾಗುತ್ತಿತ್ತು. ಬೆಳಕನ್ನು ಅಳೆಯುವ ಮೀಟರು ಇಲ್ಲದವರು ಬಿಸಿಲು, ಮೋಡ, ಮರದ ನೆರಳು ಇವುಗಳನ್ನು ಕಣ್ಣಳತೆಯಿಂದಲೇ ಲೆಕ್ಕ ಹಾಕುತ್ತಿದ್ದರು. ರೈತ ಮಳೆಯನ್ನು ಅಂದಾಜು ಮಾಡುವಂತೆ ಇದೂ ಅನುಭವದಿಂದ ಮಾತ್ರ ಬರುವ ಜ್ಞಾನ.

ಕೂಟ ಮತ್ತು ವಿಮರ್ಶೆ

ಒಬ್ಬಂಟಿ ಅಭ್ಯಾಸ ಒಂದು ಹಂತದವರೆಗೆ ಮಾತ್ರ ಸಾಗುತ್ತದೆ. ಅಲ್ಲಿಂದ ಮುಂದಕ್ಕೆ ಒಯ್ದವು ಸಂಘಗಳು. 1953ರಲ್ಲಿ ಸ್ಥಾಪನೆಯಾದ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿ ಬೆಳೆಸುವಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಪ್ರಮುಖ ಪಾತ್ರ ವಹಿಸಿದರು. ಭಾರತದ ಛಾಯಾಗ್ರಹಣ ಚರಿತ್ರೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1981ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು.

ಇಂತಹ ಸಂಘಗಳ ಕಾರ್ಯವಿಧಾನ ಸರಳವಾದುದು. ನಿಗದಿತ ದಿನ ಸದಸ್ಯರು ತಾವು ತೆಗೆದ ಚಿತ್ರಗಳನ್ನು ತಂದು ಇಡುತ್ತಾರೆ. ಹಿರಿಯರೊಬ್ಬರು ಎಲ್ಲರೆದುರು ಅವುಗಳ ಗುಣದೋಷಗಳನ್ನು ಹೇಳುತ್ತಾರೆ. ಕರಾವಳಿಯ ತಾಳಮದ್ದಳೆ ಕೂಟವನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಅಲ್ಲಿ ಅರ್ಥಧಾರಿ ಎದುರಾಳಿಯ ಮಾತಿನಿಂದಲೇ ತನ್ನ ಮಾತನ್ನು ಹರಿತಗೊಳಿಸಿಕೊಳ್ಳುವಂತೆ, ಇಲ್ಲಿ ಕಲಿಯುವವನು ಇನ್ನೊಬ್ಬನ ಚಿತ್ರದ ಮೇಲೆ ಬಂದ ಮಾತಿನಿಂದಲೂ ಕಲಿಯುತ್ತಾನೆ. ಕೂಟದಲ್ಲಿ ಪಳಗಿದ ಚಿತ್ರ ಮುಂದೆ ‘ಸಲೋನ್’ ಎಂದು ಕರೆಯಲಾಗುವ ಸ್ಪರ್ಧಾ ಪ್ರದರ್ಶನಗಳಿಗೆ ಹೋಗುತ್ತದೆ. 1950ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಛಾಯಾಗ್ರಹಣ ಕಲಾ ಒಕ್ಕೂಟವಾದ ಫಿಯಾಪ್ ಮತ್ತು 1853ರಷ್ಟು ಹಳೆಯದಾದ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ನೀಡುವ ಪದವಿಗಳು ಹವ್ಯಾಸಿಗಳಿಗೆ ಏರುವ ಮೆಟ್ಟಿಲುಗಳಾದವು. ಕನ್ನಡ ನಾಡಿನ ಅನೇಕ ಹವ್ಯಾಸಿಗಳ ಹೆಸರಿನ ಮುಂದೆ ಕಾಣುವ ಎಆರ್‌ಪಿಎಸ್, ಎಎಫ್‌ಐಎಪಿ ಮುಂತಾದ ಅಕ್ಷರಗಳ ಹಿಂದೆ ಹಲವು ವರ್ಷಗಳ ತಿದ್ದುಪಡಿ ಅಡಗಿದೆ.

ಕತ್ತಲೆಕೋಣೆಯ ವಿದ್ಯೆ

ಚಿತ್ರ ತೆಗೆಯುವುದು ಅರ್ಧ ಕೆಲಸ, ಉಳಿದರ್ಧ ಕತ್ತಲೆಕೋಣೆಯದು. ಪ್ರತ್ಯೇಕ ಕೋಣೆ ಇಲ್ಲದವರಿಗೆ ರಾತ್ರಿಯ ವೇಳೆ ಬಚ್ಚಲುಮನೆಯೇ ಕತ್ತಲೆಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಕೆಂಪು ದೀಪ, ಮೂರು ತಟ್ಟೆಗಳು, ಒಂದು ಎನ್‌ಲಾರ್ಜರ್ ಇಷ್ಟಿದ್ದರೆ ಕೆಲಸ ಆರಂಭವಾಗುತ್ತಿತ್ತು. ಫಿಲ್ಮು ಸಂಸ್ಕರಿಸುವ ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಪೊಟ್ಟಣದ ಮೇಲೆ ಮುದ್ರಿತವಾಗಿರುತ್ತಿತ್ತು. ಬೇಸಗೆಯಲ್ಲಿ ನಲ್ಲಿಯ ನೀರೇ ಅದಕ್ಕಿಂತ ಬಿಸಿ. ಆಗ ತಟ್ಟೆಯ ಸುತ್ತ ಮಂಜುಗಡ್ಡೆ ಇಡುವುದು ಅಥವಾ ಸಂಸ್ಕರಣದ ಅವಧಿಯನ್ನು ಕಡಿಮೆ ಮಾಡುವುದು ಅನಿವಾರ್ಯ. ಮುದ್ರಿಸುವಾಗ ಚಿತ್ರದ ಒಂದು ಭಾಗಕ್ಕೆ ಅಂಗೈ ಅಡ್ಡ ಹಿಡಿದು ಬೆಳಕು ತಗ್ಗಿಸುವುದು, ಇನ್ನೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಕೊಡುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹಿರಿಯರ ಪಕ್ಕದಲ್ಲಿ ನಿಂತು ಅವರ ಕೈಯ ಚಲನೆಯನ್ನು ನೋಡಿ ಕಲಿಯಬೇಕಾದುದು. ಕಂಬಾರ, ಕುಂಬಾರ, ನೇಕಾರರ ವೃತ್ತಿಜಾನಪದವನ್ನು ಸಂಗ್ರಹಿಸಿದ ಅಧ್ಯಯನಶಿಸ್ತು ಈ ಕೈಚಳಕವನ್ನೂ ಅದೇ ಗಂಭೀರತೆಯಿಂದ ಪರಿಗಣಿಸಬೇಕಾಗಿದೆ.

ವನ್ಯಜೀವಿ ಛಾಯಾಗ್ರಹಣದ ಗುರುಪರಂಪರೆ

ಈ ಬಗೆಯ ಕಲಿಕೆಯ ಸ್ಪಷ್ಟವಾದ ಸಾಲು ಗೋಚರಿಸುವುದು ವನ್ಯಜೀವಿ ಛಾಯಾಗ್ರಹಣದಲ್ಲಿ. ಬೆಂಗಳೂರಿನ ಒ.ಸಿ. ಎಡ್ವರ್ಡ್ಸ್ ಅವರಿಂದ ಮಾರ್ಗದರ್ಶನ ಪಡೆದ ಟಿ.ಎನ್.ಎ. ಪೆರುಮಾಳ್ (1932-2017) ಅಂತರರಾಷ್ಟ್ರೀಯ ಮನ್ನಣೆ ಗಳಿಸಿದುದಲ್ಲದೆ, ಮುಂದಿನ ತಲೆಮಾರಿನ ಅನೇಕರಿಗೆ ತಾವೇ ಗುರುವಾದರು. ಸಂಡೂರಿನ ಎಂ.ವೈ. ಘೋರ್ಪಡೆ (1931-2011) ರಾಜಕಾರಣದ ನಡುವೆಯೂ ಈ ಹವ್ಯಾಸವನ್ನು ಬಿಡಲಿಲ್ಲ. ಅವರ ವನ್ಯಜೀವಿ ಛಾಯಾಗ್ರಹಣದ ದಿನಚರಿ 1983ರಲ್ಲಿ ಪ್ರಕಟವಾಯಿತು. ಮೂಡಿಗೆರೆಯ ತೋಟದಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿ (1938-2007) ಹಕ್ಕಿಗಳ ಚಿತ್ರ ತೆಗೆಯುವುದನ್ನೂ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬರೆಯುವುದನ್ನೂ ಜೊತೆಯಾಗಿ ನಡೆಸಿ, ಈ ಹವ್ಯಾಸವನ್ನು ಇಂಗ್ಲಿಷ್ ಬಲ್ಲವರ ವಲಯದಿಂದ ಹೊರಕ್ಕೆ ತಂದರು.

ಈ ಪರಂಪರೆ ತನ್ನನ್ನು ತಾನೇ ತಿದ್ದಿಕೊಂಡದ್ದೂ ಉಂಟು. ದೂರದ ಮಸೂರಗಳು ದುರ್ಲಭವಾಗಿದ್ದ ದಿನಗಳಲ್ಲಿ ಹಕ್ಕಿಯ ಗೂಡಿನ ಬಳಿ ಮರೆ ಕಟ್ಟಿಕೊಂಡು, ಮರಿಗೆ ಗುಟುಕು ಕೊಡಲು ಬರುವ ತಾಯಿಹಕ್ಕಿಯನ್ನು ಕಾದು ಚಿತ್ರಿಸುವುದು ಒಪ್ಪಿತ ಕ್ರಮವಾಗಿತ್ತು. ಅದರಿಂದ ಹಕ್ಕಿಗಳು ಗೂಡು ತೊರೆಯುವ ಅಪಾಯ ಮನವರಿಕೆಯಾದಂತೆ ಆ ಕ್ರಮ ಟೀಕೆಗೆ ಒಳಗಾಯಿತು. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳೂ ಬಂದವು. ಕೌಶಲದ ಜೊತೆಗೆ ನೀತಿಯೂ ಕೂಟದಲ್ಲಿಯೇ ಚರ್ಚೆಯಾಗಿ ರೂಪುಗೊಂಡಿತು.

ಹೆಸರಿಲ್ಲದ ಜಾತ್ರೆ

ಆದರೆ ಇದೇ ಸಂಘಗಳ ಇನ್ನೊಂದು ಮುಖವನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸಬೇಕು. ಕರ್ನಾಟಕದ ಹವ್ಯಾಸಿಗಳು ಜಾತ್ರೆ, ಕಂಬಳ, ವೀರಗಾಸೆ, ಡೊಳ್ಳುಕುಣಿತ, ಭೂತಕೋಲ, ಸಂತೆ, ಒಕ್ಕಣೆ ಇವುಗಳನ್ನು ಹೇರಳವಾಗಿ ಚಿತ್ರಿಸಿದ್ದಾರೆ. ಸಲೋನಿಗೆ ಹೋಗುವ ಇಂತಹ ಚಿತ್ರದ ಹಿಂಬದಿಯ ಚೀಟಿಯಲ್ಲಿ ಇರುವುದು ಸಾಮಾನ್ಯವಾಗಿ ಛಾಯಾಗ್ರಾಹಕನ ಹೆಸರು ಮತ್ತು ಒಂದೆರಡು ಪದಗಳ ಶೀರ್ಷಿಕೆ. ಮುದಿ ಕಲಾವಿದನ ಮುಖ ‘ಮುಪ್ಪು’ ಆಗುತ್ತದೆ; ಕೊಂಡ ಹಾಯುವವನ ಚಿತ್ರ ‘ಭಕ್ತಿ’ ಆಗುತ್ತದೆ. ಊರು ಯಾವುದು, ದೈವ ಯಾವುದು, ಕುಣಿಯುವವನು ಯಾರು, ವರ್ಷ ಯಾವುದು ಎಂದು ತೀರ್ಪುಗಾರರು ಕೇಳುವುದಿಲ್ಲ. ಕೇಳದುದನ್ನು ಬರೆದಿಡುವ ಅಭ್ಯಾಸ ಬೆಳೆಯಲಿಲ್ಲ.

ವನ್ಯಜೀವಿ ವಿಭಾಗದಲ್ಲಿ ಸ್ಥಿತಿ ಭಿನ್ನ. ಚಿತ್ರದಲ್ಲಿರುವ ಜೀವಿಯನ್ನು ಬಲ್ಲವರು ಗುರುತಿಸುವಂತಿರಬೇಕು, ಅದರ ಸಹಜತೆಗೆ ಭಂಗ ಬಂದಿರಬಾರದು ಎಂಬುದು ಅಲ್ಲಿನ ನಿಯಮ. ಆ ಕಾರಣದಿಂದ ಹಕ್ಕಿಯ ಚಿತ್ರ ತೆಗೆಯುವವನು ಹಕ್ಕಿಯ ಹೆಸರನ್ನೂ ನಡವಳಿಕೆಯನ್ನೂ ಕಲಿತನು. ಜಾತ್ರೆಯ ಚಿತ್ರ ತೆಗೆಯುವವನಿಗೆ ಅಂತಹ ಒತ್ತಾಯವಿರಲಿಲ್ಲ. ಹೀಗಾಗಿ ಕಾಜಾಣಕ್ಕೆ ದೊರೆತ ಗುರುತು ಕರಡಿಮಜಲಿನ ಕಲಾವಿದನಿಗೆ ದೊರೆಯಲಿಲ್ಲ. ಹಂಪಿಯ ಕಲ್ಲು ನಿಂತಲ್ಲೇ ನಿಂತಿರುವುದರಿಂದ ಗ್ರೀನ್‌ಲಾನ ಚಿತ್ರವನ್ನು ಇಂದಿಗೂ ಸ್ಥಳದೊಡನೆ ಹೋಲಿಸಬಹುದು. ನಿಂತುಹೋದ ಆಚರಣೆಯೊಂದರ ಚಿತ್ರಕ್ಕೆ ಊರಿನ ಹೆಸರಿಲ್ಲದಿದ್ದರೆ ಅದನ್ನು ಹೋಲಿಸಲು ಏನೂ ಉಳಿಯುವುದಿಲ್ಲ.

ಉಳಿಸಿಕೊಳ್ಳಬೇಕಾದುದು

ಡಿಜಿಟಲ್ ತಂತ್ರಜ್ಞಾನ ವ್ಯಾಪಕವಾದ ಮೇಲೆ ಕತ್ತಲೆಕೋಣೆಗಳು ಮುಚ್ಚಿದವು. ಉದಕಮಂಡಲದ ಕಾರ್ಖಾನೆಯೂ ಮುಚ್ಚಿತು. ಅಲ್ಲಿ ಕೈ ಪಳಗಿಸಿಕೊಂಡ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಅವರ ಮನೆಗಳಲ್ಲಿರುವ ಅಸಿಟೇಟ್ ಫಿಲ್ಮುಗಳು ಸೆಖೆ ಮತ್ತು ತೇವಕ್ಕೆ ಸಿಕ್ಕಿ ಹುಳಿವಾಸನೆ ಸೂಸುತ್ತ ಸುರುಟಿಕೊಳ್ಳುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ವರ್ಣಪಾರದರ್ಶಿಕೆಗಳ ಬಣ್ಣ ಮಾಸುತ್ತದೆ. ಇವುಗಳನ್ನು ಕೇವಲ ಪ್ರತಿಮಾಡಿ ಇಟ್ಟರೆ ಸಾಲದು. ಪ್ರತಿ ಚಿತ್ರವನ್ನೂ ಅದನ್ನು ತೆಗೆದವರ ಮುಂದಿರಿಸಿ, ಊರು, ವರ್ಷ, ಸಂದರ್ಭ, ವ್ಯಕ್ತಿ ಇವುಗಳನ್ನು ಕೇಳಿ ದಾಖಲಿಸಿಕೊಳ್ಳುವುದು ಮೊದಲ ಕೆಲಸ. ಚಿತ್ರವನ್ನು ಮುದ್ರಿಸಿದ ಬಗೆಯನ್ನೂ, ಕೂಟದಲ್ಲಿ ಬಂದ ಟೀಕೆಯನ್ನೂ ಅವರ ಮಾತಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳುವುದು ಎರಡನೆಯದು. ಸಲೋನುಗಳ ಮುದ್ರಿತ ಪಟ್ಟಿಗಳನ್ನು ಗ್ರಂಥಾಲಯಗಳು ಸಂಗ್ರಹಿಸಿಡುವುದು ಮೂರನೆಯದು. ಜಾನಪದ ಕ್ಷೇತ್ರಕಾರ್ಯದ ವಿಧಾನವನ್ನು ಬಲ್ಲ ಸಂಶೋಧಕರಿಗೆ ಇದು ಹೊಸ ಕೆಲಸವೇನಲ್ಲ. ವಕ್ತೃ ಮಾತ್ರ ಹೊಸಬ. ಚಿತ್ರ ಕೈಗೆ ಸಿಕ್ಕಾಗ ತೆಗೆದವರೂ ಎದುರಿಗಿದ್ದರೆ ಒಂದು ಜಾತ್ರೆಗೆ ಅದರ ಹೆಸರು ಮರಳಿ ದೊರೆಯುತ್ತದೆ. ಆ ಅವಕಾಶ ಇನ್ನು ಬಹುಕಾಲ ಇರುವುದಿಲ್ಲ.